ಕ್ಯಾಂಪರ್ ವ್ಯಾನ್ ಕೊಳ್ಳುವ ಮುಂಚೆ: ವಾರಂಟಿ, ಸರ್ವೀಸು, ಮಲೆನಾಡಿನ ಮಳೆ – ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಹಾಸನದವರು. ಕ್ಯಾಂಪರ್ ವ್ಯಾನ್ ಮಾಡಿಸಿ ಮೂರು ಮಳೆಗಾಲ ಕಳೆದವು. ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೂ ಬಂದು ಒಳಗೆ ಇಣುಕುತ್ತಾರೆ. ಮೊದಲು ರೇಟು ಕೇಳುತ್ತಾರೆ, ಆಮೇಲೆ ಮೈಲೇಜು. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಅಂತ ಕೇಳುವವರು ಕಡಿಮೆ. ನಾವೂ ಕೊಳ್ಳುವಾಗ ಅದನ್ನು ಕೇಳಿರಲಿಲ್ಲ. ಅದರ ಬೆಲೆ ಎಷ್ಟು ಅಂತ ಆಮೇಲೆ ಗೊತ್ತಾಯಿತು. ಹಾಸನ, ಚಿಕ್ಕಮಗಳೂರು ಕಡೆಯವರು ನನ್ನನ್ನೂ ನಮ್ಮನೆಯವರನ್ನೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಕ್ಯಾಂಪರ್ ಅಂದರೆ ಬೊಲೆರೊ ಕ್ಯಾಂಪರ್ ಅಲ್ವಾ?

ಅಲ್ಲ. ಅದು ಡಬಲ್ ಕ್ಯಾಬಿನ್ ಪಿಕಪ್. ಹಿಂದೆ ಮೂಟೆ ಹಾಕಿ, ಮುಂದೆ ತೋಟದ ಕೆಲಸದವರನ್ನು ಕೂರಿಸಿಕೊಂಡು ಹೋಗುವ ಗಾಡಿ. ನಾನು ಹೇಳುತ್ತಿರುವುದು ಒಳಗೇ ಮಲಗುವ ಜಾಗ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿ ಇರುವ ವ್ಯಾನ್ ಬಗ್ಗೆ. ನಮ್ಮಲ್ಲಿ ಇದನ್ನು ಹೆಚ್ಚಾಗಿ ಫೋರ್ಸ್ ಟ್ರಾವೆಲರ್, ಫೋರ್ಸ್ ಅರ್ಬೇನಿಯಾ, ಟಾಟಾ ವಿಂಗರ್ ಇಂಥ ಗಾಡಿಗಳಲ್ಲಿ ಕಟ್ಟುತ್ತಾರೆ. ಇಬ್ಬರಿಗೆ ಸಾಕು ಅನ್ನುವವರು ಮಾರುತಿ ಈಕೋದಲ್ಲೂ ಮಾಡಿಸಿಕೊಳ್ಳುತ್ತಾರೆ.

ಕ್ಯಾಂಪರ್ ವ್ಯಾನಿಗೆ ಎಷ್ಟು ವರ್ಷ ವಾರಂಟಿ ಬರುತ್ತದೆ?

ಈ ಪ್ರಶ್ನೆಗೆ ಯಾರಾದರೂ ಒಂದೇ ಮಾತಿನಲ್ಲಿ "ಮೂರು ವರ್ಷ" ಅಂದರೆ ಅಲ್ಲೇ ತಡೆದು ಕೇಳಿ: ಯಾವುದಕ್ಕೆ ಮೂರು ವರ್ಷ? ಯಾಕೆಂದರೆ ಕ್ಯಾಂಪರ್ ವ್ಯಾನಿಗೆ ಒಂದು ವಾರಂಟಿ ಇರುವುದಿಲ್ಲ, ಮೂರು ಇರುತ್ತವೆ. ಇಂಜಿನ್, ಗೇರ್ ಬಾಕ್ಸ್, ಆಕ್ಸಲ್, ಸ್ಟೀರಿಂಗ್ ಇವೆಲ್ಲ ಗಾಡಿ ತಯಾರಿಸಿದ ಕಂಪನಿಯ ಹೊಣೆ. ಒಳಗಿನ ಮರದ ಕೆಲಸ, ವೈರಿಂಗು, ನೀರಿನ ಪೈಪು, ಟಾಪಿನಲ್ಲಿ ಕೊರೆದ ತೂತು ಇವು ಕನ್ವರ್ಷನ್ ಮಾಡಿದವರ, ಅಂದರೆ ಖಾಲಿ ವ್ಯಾನನ್ನು ಕ್ಯಾಂಪರ್ ಆಗಿ ಕಟ್ಟಿಕೊಟ್ಟವರ ಹೊಣೆ. ಫ್ರಿಜ್ಜು, ಬ್ಯಾಟರಿ, ಇನ್ವರ್ಟರು, ಸೋಲಾರ್ ಪ್ಯಾನೆಲು, ಪಂಪು ಇವಕ್ಕೆ ಆಯಾ ಸಾಮಾನಿನ ಕಂಪನಿಯೇ ಹೊಣೆ.

ಕೆಟ್ಟ ಜಾಗ ಈ ಮೂರರಲ್ಲಿ ಒಂದರ ಒಳಗೇ ಇದ್ದರೆ ಜಾಸ್ತಿ ತೊಂದರೆ ಇಲ್ಲ. ಎರಡರ ನಡುವಿನ ಗಡಿಯಲ್ಲಿ ಕೆಟ್ಟರೆ ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ. ಮಧ್ಯದಲ್ಲಿ ನಿಂತವರು ನಾವು. ಹಾಗಾಗಿ ವರ್ಷದ ಲೆಕ್ಕಕ್ಕಿಂತ ಈ ಗಡಿ ಎಲ್ಲಿದೆ ಅನ್ನುವುದು ಮುಖ್ಯ. ಅದನ್ನು ಬಾಯಿ ಮಾತಲ್ಲಿ ಅಲ್ಲ, ಕಾಗದದ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ವಿಷಯ ನಮಗೆ ತಡವಾಗಿ ಗೊತ್ತಾಯಿತು. ಗಾಡಿಯ ವಾರಂಟಿ ಶುರುವಾಗುವುದು ನಿಮ್ಮ ಮೊದಲ ಪ್ರವಾಸದ ದಿನದಿಂದ ಅಲ್ಲ, ಶೋರೂಂ ಗಾಡಿ ಮಾರಿದ ದಿನದಿಂದ. ನಮ್ಮ ಗಾಡಿ ಕನ್ವರ್ಷನ್ ವರ್ಕ್‌ಶಾಪಿನಲ್ಲಿ ಐದು ತಿಂಗಳು ನಿಂತಿತ್ತು. ಆ ಐದು ತಿಂಗಳ ವಾರಂಟಿ ಅಲ್ಲೇ ಕಳೆದುಹೋಯಿತು. ಸಾಲದ್ದಕ್ಕೆ ಮೊದಲ ಫ್ರೀ ಸರ್ವೀಸಿನ ತಾರೀಖೂ ದಾಟಿತ್ತು. ಫ್ರೀ ಸರ್ವೀಸು ಕಿಲೋಮೀಟರಿನ ಲೆಕ್ಕಕ್ಕೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಕಿಲೋಮೀಟರು, ತಿಂಗಳು, ಯಾವುದು ಮೊದಲೋ ಅದೇ ಲೆಕ್ಕ. ಗಾಡಿ ಒಂದು ಅಡಿ ಓಡದಿದ್ದರೂ ತಿಂಗಳು ಓಡುತ್ತಲೇ ಇರುತ್ತದೆ. ವರ್ಕ್‌ಶಾಪಿಗೆ ಗಾಡಿ ಬಿಡುವ ದಿನವೇ ಸರ್ವೀಸ್ ಪುಸ್ತಕ ತೆಗೆದು ತಾರೀಖು ನೋಡಿ. ಅಷ್ಟರೊಳಗೆ ಗಾಡಿ ಕೈಗೆ ಬರದಿದ್ದರೆ ಯಾರು ಸರ್ವೀಸಿಗೆ ಒಯ್ಯುತ್ತಾರೆ ಅಂತ ಆಗಲೇ ತೀರ್ಮಾನ ಮಾಡಿ.

ಒಳಗೆ ಕನ್ವರ್ಷನ್ ಮಾಡಿಸಿದರೆ ಇಂಜಿನ್ ವಾರಂಟಿ ಪೂರ್ತಿ ಹೋಗುತ್ತದಾ?

ಪೂರ್ತಿ ಹೋಗುತ್ತದೆ ಅನ್ನುವುದೂ ಸರಿಯಲ್ಲ, ಏನೂ ಆಗುವುದಿಲ್ಲ ಅನ್ನುವುದೂ ಸರಿಯಲ್ಲ. ಹೊರಗಿನವರು ಮಾಡಿದ ಬದಲಾವಣೆಯಿಂದ ಕೆಟ್ಟಿದ್ದಕ್ಕೆ ತಾವು ಹೊಣೆಯಲ್ಲ ಅಂತ ಗಾಡಿ ಕಂಪನಿಗಳು ವಾರಂಟಿ ಪುಸ್ತಕದಲ್ಲಿ ಬರೆದಿರುತ್ತವೆ. ಮಂಚ ಕೂರಿಸಿದ್ದರಿಂದ ಗೇರ್ ಬಾಕ್ಸ್ ಕೆಡುವುದಿಲ್ಲ. ಆದರೆ ಗಾಡಿಯ ವೈರಿಂಗ್ ಕತ್ತರಿಸಿ ಅದರಿಂದಲೇ ಫ್ರಿಜ್ಜಿಗೆ, ಲೈಟಿಗೆ ಕರೆಂಟ್ ಎಳೆದಿದ್ದರೆ ಕಥೆ ಬೇರೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟ್ ಹತ್ತಿಕೊಂಡರೂ ಶೋರೂಮಿನವರ ಬೆರಳು ಮೊದಲು ಆ ಜಾಯಿಂಟ್ ಕಡೆಗೇ ಹೋಗುತ್ತದೆ. ಈಗಿನ ಗಾಡಿಗಳಲ್ಲಿ ಸೆನ್ಸರ್‌ಗಳು ಜಾಸ್ತಿ, ಹಾಗಾಗಿ ಅವರ ಅನುಮಾನಕ್ಕೂ ಅರ್ಥವಿದೆ.

ಒಳ್ಳೆಯ ಕೆಲಸದವರು ಮನೆಯ ಕಡೆಯ ವೈರಿಂಗನ್ನು ಗಾಡಿಯ ವೈರಿಂಗಿನಿಂದ ಬೇರೆಯಾಗಿಯೇ ಇಡುತ್ತಾರೆ. ಬೇರೆ ಬ್ಯಾಟರಿ, ಬೇರೆ ಫ್ಯೂಸ್ ಬಾಕ್ಸು. ಇಂಜಿನ್ ಓಡುವಾಗ ಆ ಬ್ಯಾಟರಿ ಚಾರ್ಜ್ ಆಗಲು ಮಧ್ಯದಲ್ಲಿ ಒಂದು ಡಿಸಿ ಚಾರ್ಜರ್, ಎರಡೂ ಕಡೆ ಫ್ಯೂಸು. ಎರಡಕ್ಕೂ ಅಷ್ಟೇ ಸಂಬಂಧ. ಕೆಲಸ ಶುರುವಾಗುವ ಮುಂಚೆ ವೈರಿಂಗ್ ಚಿತ್ರ ಬರೆದು ಕೊಡಿ ಅಂತ ಕೇಳಿ. ಕೊಡಲು ಹಿಂಜರಿಯುವವರ ಹತ್ತಿರ ಕೆಲಸ ಮಾಡಿಸಬೇಡಿ.

ನಮ್ಮ ಮಳೆಗೆ ತಡೆಯುತ್ತದಾ?

ಇದು ಈ ಪುಟದ ಅತಿ ಮುಖ್ಯ ಪ್ರಶ್ನೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ಯಾಂಪರ್ ವ್ಯಾನ್ ಮಾಡುವಾಗ ಟಾಪಿಗೆ ತೂತು ಕೊರೆಯುತ್ತಾರೆ. ಫ್ಯಾನಿಗೆ ಒಂದು, ಏಸಿಗೆ ಒಂದು, ಸೋಲಾರ್ ವೈರಿಗೆ ಒಂದು, ಪ್ಯಾನೆಲಿನ ಕಾಲುಗಳಿಗೆ ನಾಲ್ಕೋ ಆರೋ. ಬದಿಯಲ್ಲಿ ಕಿಟಕಿಗಳನ್ನೂ ಕತ್ತರಿಸುತ್ತಾರೆ. ಬೇರೆ ಊರಿನಲ್ಲಿ ಸಂಜೆ ಒಂದು ಗಂಟೆ ಮಳೆ ಬಂದು ನಿಲ್ಲುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹಾಗಲ್ಲ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನ ತನಕ ಬಿಡುವುದಿಲ್ಲ. ಗಾಡಿ ಒಣಗಲು ಸಮಯವೇ ಸಿಗುವುದಿಲ್ಲ. ಮೇಲೆ ಗಾಳಿ ಬೇರೆ. ನೀರು ಮೇಲಿನಿಂದ ಮಾತ್ರ ಬೀಳುವುದಿಲ್ಲ, ಅಡ್ಡ ಹೊಡೆಯುತ್ತದೆ.

ನಮ್ಮ ಮೊದಲ ಜುಲೈ ತಿಂಗಳು. ಕೊಟ್ಟಿಗೆಹಾರದ ಹತ್ತಿರ ಪರಿಚಯದವರ ತೋಟದಲ್ಲಿ ಎರಡು ರಾತ್ರಿ ನಿಲ್ಲಿಸಿದ್ದೆವು. ಎರಡನೇ ಬೆಳಿಗ್ಗೆ ಎದ್ದಾಗ ತಲೆದಿಂಬು ಒದ್ದೆ. ಮಗಳು ನೀರು ಚೆಲ್ಲಿದ್ದಾಳೆ ಅಂದುಕೊಂಡೆ. ಮೇಲೆ ಕೈ ಇಟ್ಟು ನೋಡಿದರೆ ಸೀಲಿಂಗಿನ ಬಟ್ಟೆ ನೀರು ತುಂಬಿ ಜೋತುಬಿದ್ದಿತ್ತು. ಟಾಪಿನ ಫ್ಯಾನಿನ ಸುತ್ತ ಸೋರಿದ ನೀರು ಒಳಗಿನಿಂದಲೇ ಹರಿದು ಫ್ಯೂಸ್ ಬಾಕ್ಸಿನ ತನಕ ಬಂದಿತ್ತು. ಗಾಡಿಯ ಶೋರೂಮಿನವರು "ಟಾಪಿಗೆ ತೂತು ಕೊರೆದವರನ್ನು ಕೇಳಿ" ಅಂದರು. ಕನ್ವರ್ಷನ್ ಮಾಡಿದವರು "ಫ್ಯಾನಿನ ಫ್ರೇಮೇ ಸೊಟ್ಟ ಇತ್ತು" ಅಂದರು. ಫ್ಯಾನ್ ಮಾರಿದವರು "ಕೂರಿಸಿದ್ದು ಸರಿಯಿಲ್ಲ" ಅಂದರು. ಎಂಟು ತಿಂಗಳು ಅಲೆದೆವು. ಕೊನೆಗೆ ಅರ್ಧ ಖರ್ಚು ಕನ್ವರ್ಷನ್‌ನವರು ಕೊಟ್ಟರು, ಅರ್ಧ ನಾವು ಹಾಕಿದೆವು.

ಬಿಚ್ಚಿ ನೋಡಿದ ನಮ್ಮೂರಿನ ಮೆಕ್ಯಾನಿಕ್ ಒಂದು ವಿಷಯ ತೋರಿಸಿದರು. ಅಲ್ಲಿ ಹಾಕಿದ್ದು ಬಾತ್‌ರೂಮಿಗೆ ಹಾಕುವ ಸಿಲಿಕೋನ್. ಹಾಕುವಾಗ ವಿನಿಗರ್ ಥರ ಹುಳಿ ವಾಸನೆ ಬರುವ ಸಿಲಿಕೋನ್ ಗೊತ್ತಲ್ಲ, ಅದು. ಒಣಗುವಾಗ ಅದರಿಂದ ಆಮ್ಲ ಬಿಡುಗಡೆಯಾಗುತ್ತದೆ. ಬರಿ ತಗಡಿನ ಮೇಲೆ ಬಿದ್ದರೆ ತುಕ್ಕು ಹಿಡಿಸುತ್ತದೆ. ಗಾಡಿ ಓಡುವಾಗ ಬಾಡಿ ಸದಾ ಅದುರುತ್ತದೆ. ಆ ಅದುರಿಗೆ ಬೇಕಾದ್ದು ಬಸ್ಸಿನ ಬಾಡಿಗೆ ಬಳಸುವ ಪಾಲಿಯುರಿಥೇನ್ ಸೀಲಂಟು, ಅಡಿಯಲ್ಲಿ ಬ್ಯುಟೈಲ್ ಟೇಪು. ಕೊರೆದ ಅಂಚಿಗೆ ಮೊದಲು ತುಕ್ಕು ತಡೆಯುವ ಪ್ರೈಮರ್ ಹಚ್ಚಿರಬೇಕು. ನಮ್ಮದಕ್ಕೆ ಹಚ್ಚಿರಲಿಲ್ಲ. ಒಂದೇ ವರ್ಷದಲ್ಲಿ ಅಂಚು ಕೆಂಪಾಗಿತ್ತು.

ಹಾಗಾಗಿ ಡೆಲಿವರಿ ತೆಗೆದುಕೊಳ್ಳುವ ದಿನ ನೀರು ಹೊಡೆಸಿ ನೋಡಿ. ಸುಮ್ನೆ ಎರಡು ನಿಮಿಷ ಅಲ್ಲ. ಗಾಡಿ ತೊಳೆಯುವ ಕಡೆ ನಿಲ್ಲಿಸಿ, ಟಾಪಿನ ಮೇಲೆ, ಕಿಟಕಿಗಳ ಮೇಲೆ ಅರ್ಧ ಗಂಟೆ ಪೈಪಿನಿಂದ ನೀರು ಬಿಡಿಸಿ. ಒಬ್ಬರು ಒಳಗೆ ಟಾರ್ಚು, ಒಣ ಬಟ್ಟೆ ಹಿಡಿದು ಮೂಲೆ ಮೂಲೆ ಒರೆಸಿ ನೋಡಲಿ. ಮುಂದೆ ಇಳಿಜಾರು ಮಾಡಿ ಒಮ್ಮೆ, ಹಿಂದೆ ಇಳಿಜಾರು ಮಾಡಿ ಒಮ್ಮೆ ನೋಡಿ. ಸೋರುವ ಜಾಗ ಒಂದು, ನೀರು ತೊಟ್ಟಿಕ್ಕುವ ಜಾಗ ಇನ್ನೊಂದು. ಬೇಸಿಗೆಯಲ್ಲಿ ಡೆಲಿವರಿ ತೆಗೆದುಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಸೋರುವುದಕ್ಕೆ ಆರು ತಿಂಗಳು ಮಾತ್ರ ವಾರಂಟಿ ಕೊಟ್ಟರೆ, ಡಿಸೆಂಬರಿನಲ್ಲಿ ಕೊಂಡವರಿಗೆ ಮಳೆ ಹಿಡಿಯುವ ಹೊತ್ತಿಗೆ ಅದು ಮುಗಿದಿರುತ್ತದೆ. "ಒಂದು ಪೂರ್ತಿ ಮಳೆಗಾಲ ಕಳೆಯುವ ತನಕ" ಅಂತ ಬರೆಸಿಕೊಳ್ಳಿ. ನಮ್ಮ ಕಡೆಯವರು ಬಿಟ್ಟುಕೊಡಬಾರದ ಮಾತು ಇದು.

ಬೂಷ್ಟು ಹಿಡಿದರೆ ವಾರಂಟಿ ಕೊಡುತ್ತಾರಾ?

ಕೊಡುವುದಿಲ್ಲ. ಹವೆಯಿಂದ ಆದದ್ದು ಅಂತ ಬಿಡುತ್ತಾರೆ. ಮಲೆನಾಡಿನಲ್ಲಿ ಬೀರುವಿನ ರೇಷ್ಮೆ ಸೀರೆಗೇ ಬೂಷ್ಟು ಬರುತ್ತದೆ, ಮುಚ್ಚಿಟ್ಟ ವ್ಯಾನಿಗೆ ಬರದೇ ಇರುತ್ತದಾ? ಪ್ಲೈವುಡ್ ಕೊಳ್ಳುವಾಗ ಐಎಸ್ 710 ಅನ್ನುವ ಮುದ್ರೆ ಇದೆಯಾ ನೋಡಿ. ಅದು ನೀರಿಗೆ ತಡೆಯುವ ಮರೀನ್ ಪ್ಲೈ. ಹಾಳೆಯ ಮೇಲಿನ ಮುದ್ರೆಯ ಫೋಟೋ ಕಳಿಸಿ ಅಂತ ಕೆಲಸದ ಹೊತ್ತಿನಲ್ಲೇ ಕೇಳಿ. ಮೇಲೆ ಲ್ಯಾಮಿನೇಟ್ ಹಚ್ಚಿದ ಮೇಲೆ ಒಳಗೆ ಏನಿದೆ ಅಂತ ದೇವರೇ ಹೇಳಬೇಕು. ಹಾಸಿಗೆಯ ಕೆಳಗಿನ ಹಲಗೆಗೆ ಗಾಳಿ ಆಡಲು ತೂತುಗಳು ಇರಲಿ. ಮಳೆಗಾಲದಲ್ಲಿ ಹಾಸಿಗೆ ತೆಗೆದು ಮನೆಯೊಳಗೆ ಇಡಿ.

ಚಾರ್ಮಾಡಿ, ಶಿರಾಡಿ ಘಾಟಿಗೆ ಇಷ್ಟು ಭಾರದ ಗಾಡಿ ನಂಬಬಹುದಾ?

ಭಾರ ಎಷ್ಟು ಅಂತ ಗೊತ್ತಿದ್ದರೆ ನಂಬಬಹುದು. ಎಷ್ಟೋ ಜನರಿಗೆ ತಮ್ಮ ಗಾಡಿಯ ತೂಕವೇ ಗೊತ್ತಿರುವುದಿಲ್ಲ. ಲೆಕ್ಕ ಹಾಕಿ ನೋಡಿ. ನೂರು ಲೀಟರ್ ನೀರು ಅಂದರೆ 100 ಕಿಲೋ. 18 ಎಂಎಂ ದಪ್ಪದ, ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಹಾಳೆ ಒಂದಕ್ಕೆ ಸುಮಾರು 30 ಕಿಲೋ ಮೇಲೆ. ಅಂಥವು ಎಂಟು ಹತ್ತು ಹೋಗುತ್ತವೆ. ಮನೆಯ ಇನ್ವರ್ಟರಿಗೆ ಇಡುವ ಟ್ಯೂಬುಲರ್ ಬ್ಯಾಟರಿ ಒಂದಕ್ಕೆ 50 ಕಿಲೋ ಆಸುಪಾಸು. ಏಸಿ, ಫ್ರಿಜ್ಜು, ಗ್ಯಾಸು, ಆಮೇಲೆ ನಾವು, ನಮ್ಮ ಪಾತ್ರೆ ಪಗಡೆ.

ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕದ ಮಿತಿ ಬರೆದಿರುತ್ತದೆ. ಅದನ್ನು ದಾಟಿದರೆ ಸ್ಪ್ರಿಂಗ್ ಪ್ಲೇಟು, ಬ್ರೇಕು, ಟೈರು, ವೀಲ್ ಬೇರಿಂಗಿನ ವಾರಂಟಿ ಕೇಳುವ ಹಕ್ಕೇ ಉಳಿಯುವುದಿಲ್ಲ. ಓವರ್‌ಲೋಡ್ ಅಂತ ಒಂದೇ ಪದ ಬರೆದು ವಾಪಸ್ ಕಳಿಸುತ್ತಾರೆ. ಡೆಲಿವರಿ ದಿನ ಟ್ಯಾಂಕ್ ತುಂಬಿಸಿ ವೇ ಬ್ರಿಜ್ಜಿಗೆ ಹತ್ತಿಸಿ, ಚೀಟಿ ತೆಗೆದುಕೊಳ್ಳಿ. ಮುಂದಿನ ಚಕ್ರ ಮಾತ್ರ ಒಮ್ಮೆ, ಹಿಂದಿನ ಚಕ್ರ ಮಾತ್ರ ಒಮ್ಮೆ ತೂಗಿಸಿದರೆ ಇನ್ನೂ ಒಳ್ಳೆಯದು. ಎಡಬಲವೂ ಸಮ ಇರಬೇಕು. ಅಡುಗೆ ಕಟ್ಟೆ, ನೀರು, ಬ್ಯಾಟರಿ ಎಲ್ಲವನ್ನೂ ಒಂದೇ ಬದಿಗೆ ಜೋಡಿಸಿದ ಗಾಡಿ ತಿರುವಿನಲ್ಲಿ ವಾಲುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಅದು ಎದೆ ನಡುಗಿಸುತ್ತದೆ.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಭಾರದ ಗಾಡಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ. ಶಿರಾಡಿಯ ಬುಡದ ಗುಂಡ್ಯ ತಲುಪುವ ತನಕ ತಾಳ್ಮೆ ಇರಲಿ. ಸವೆದ ಬ್ರೇಕ್ ಲೈನರು, ಕ್ಲಚ್ ಪ್ಲೇಟು ಹೇಗೂ ವಾರಂಟಿಯಲ್ಲಿ ಬರುವುದಿಲ್ಲ.

ಗಾಡಿ ಮನೆ ಮುಂದೆ ನಿಂತಿರುವುದೇ ಜಾಸ್ತಿ. ಡೀಸೆಲ್ ಇಂಜಿನ್‌ಗೆ ತೊಂದರೆ ಆಗುತ್ತದಾ?

ಆಗಬಹುದು. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಅದರಲ್ಲಿ ಸೇರಿದ ಮಸಿ ಜಾಸ್ತಿ ಬಿಸಿಯಲ್ಲಿ ಸುಟ್ಟು ಹೋಗಬೇಕು. ಅದಕ್ಕೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಟ್ಟರೆ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ. ಹಳೆಯ ಗಾಡಿಗೆ ಅದು ಸರಿ ಇತ್ತು. ಇವಕ್ಕೆ ಅದರಿಂದ ಮಸಿ ಇನ್ನೂ ಕೂಡುತ್ತದೆ. ಅದರ ಬದಲು ಹದಿನೈದು ದಿನಕ್ಕೊಮ್ಮೆ ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೈವೇಯಲ್ಲಿ ಹೋಗಿ ಬನ್ನಿ. ಫಿಲ್ಟರ್ ಲೈಟ್ ಬಂದರೂ ಓಡಿಸುತ್ತಾ ಹೋಗಿ ಕೆಡಿಸಿಕೊಂಡರೆ ವಾರಂಟಿ ಸಿಗುವುದು ಕಷ್ಟ. ಕನ್ವರ್ಷನ್ ಮಾಡುವವರಿಗೂ ಒಂದು ಮಾತು ಹೇಳಿ: ಆ ಫಿಲ್ಟರ್ ಹತ್ತಿರ ನೀರಿನ ಟ್ಯಾಂಕು, ವೈರು, ಗ್ಯಾಸ್ ಪೈಪು ಯಾವುದೂ ಬರಬಾರದು. ಅಲ್ಲಿನ ಬಿಸಿ ಅಷ್ಟಿರುತ್ತದೆ.

ಬ್ಯಾಟರಿ, ಸೋಲಾರ್ ನಂಬಿಕೊಂಡು ಏಸಿ ಹಾಕಿಸಬಹುದಾ?

12.8 ವೋಲ್ಟಿನ 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು ಎರಡೂವರೆ ಯೂನಿಟ್ ಕರೆಂಟು. ಒಂದು ಟನ್ ಏಸಿ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತದೆ. ರಾತ್ರಿ ಪೂರ್ತಿ ಓಡುತ್ತದೆ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ಅವರ ಮುಂದಿಡಿ. ನಿಜ ಹೇಳಬೇಕೆಂದರೆ ಚಿಕ್ಕಮಗಳೂರಿನ ಕಡೆ ರಾತ್ರಿ ಏಸಿ ಯಾಕೆ ಬೇಕು? 12 ವೋಲ್ಟಿನ ಸಣ್ಣ ಫ್ರಿಜ್ಜು, ಫ್ಯಾನು, ಲೈಟು, ಮೊಬೈಲ್ ಚಾರ್ಜು, ಇಷ್ಟಕ್ಕೆ ಆ ಬ್ಯಾಟರಿ ಎರಡು ದಿನ ಧಾರಾಳ.

ಸೋಲಾರ್ ಪ್ಯಾನೆಲಿಗೆ ವರ್ಷಗಟ್ಟಲೆ ವಾರಂಟಿ ಕೊಡುತ್ತಾರೆ. ಆದರೆ ಸಿಲ್ವರ್ ಓಕ್ ನೆರಳಿನಲ್ಲಿ ಗಾಡಿ ನಿಲ್ಲಿಸಿದರೆ ಒಳ್ಳೆಯ ಪ್ಯಾನೆಲ್ ಕೂಡ ಏನೂ ಕೊಡುವುದಿಲ್ಲ. ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟು ತುಂಬಾ ಇಳಿಯುತ್ತದೆ. ಆಗ ಪ್ಯಾನೆಲ್ ಕೆಟ್ಟಿದೆ ಅಂತ ದೂರು ಕೊಟ್ಟು ಪ್ರಯೋಜನವಿಲ್ಲ.

ವಾರಂಟಿ ವಿಚಾರದಲ್ಲಿ ಎರಡು ಕೆಲಸ ಮಾಡಿ. ಪ್ರತಿ ಸಾಮಾನಿನ ಬಿಲ್ಲು ನಿಮ್ಮ ಹೆಸರಿನಲ್ಲಿ ಇರಲಿ, ಸೀರಿಯಲ್ ನಂಬರ್ ಸಮೇತ. ಕನ್ವರ್ಷನ್‌ನವರ ಹೆಸರಿನಲ್ಲಿದ್ದರೆ ಅವರು ಅಂಗಡಿ ಮುಚ್ಚಿದ ದಿನ ನಿಮ್ಮ ವಾರಂಟಿಯೂ ಮುಚ್ಚುತ್ತದೆ. ಎರಡನೆಯದು, ಮನೆಗೆ ಅಂತ ಮಾಡಿದ ಸಾಮಾನು ಗಾಡಿಯಲ್ಲಿ ಹಾಕಿದ್ದರೆ ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಓದಿ. ಮನೆ ಬಳಕೆಗೆ ಮಾತ್ರ ಅಂತ ಕೆಲವರು ಬರೆದಿರುತ್ತಾರೆ.

ಸರ್ವೀಸ್ ಸೆಂಟರ್ ಬೆಂಗಳೂರಿನಲ್ಲಿ ಮಾತ್ರ ಇದ್ದರೆ ಏನು ಮಾಡುವುದು?

ಗಾಡಿಯ ಇಂಜಿನ್ ಕಡೆಗೆ ಹತ್ತಿರದಲ್ಲೇ ಎಲ್ಲಿ ಸರ್ವೀಸ್ ಇದೆ ಅಂತ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ. ಹಾಗೆ ಕೇಳುವಾಗ "ಕ್ಯಾಂಪರ್ ಮಾಡಿದ ಗಾಡಿ, ಟಾಪ್ ಇಷ್ಟು ಎತ್ತರ ಇದೆ" ಅಂತಲೂ ಹೇಳಿ. ಶೆಡ್ಡಿನ ಬಾಗಿಲಿಗೆ ಹಿಡಿಸದೆ ರಸ್ತೆಯಲ್ಲೇ ನಿಂತು ಸರ್ವೀಸ್ ಮಾಡಿಸಿಕೊಂಡವರನ್ನು ಬಲ್ಲೆ.

ಕನ್ವರ್ಷನ್ ಕೆಲಸಕ್ಕೆ ಮಾತ್ರ ಎಲ್ಲಿ ಮಾಡಿಸಿದ್ದೇವೋ ಅಲ್ಲಿಗೇ ಹೋಗಬೇಕು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ 245ರ ಹತ್ತಿರ. ಇಪ್ಪತ್ತು ರೂಪಾಯಿಯ ಸ್ವಿಚ್ಚಿಗೆ ಅಷ್ಟು ದೂರ ಹೋಗಿ ಬರಲು ಆಗುತ್ತದಾ? ಹಾಗಾಗಿ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಸಣ್ಣ ರಿಪೇರಿಯನ್ನು ನಮ್ಮೂರಿನಲ್ಲೇ ಮಾಡಿಸಬಹುದು, ಬಿಲ್ ಕಳಿಸಿದರೆ ಇಷ್ಟು ರೂಪಾಯಿ ತನಕ ಹಣ ವಾಪಸ್, ಅದರಿಂದ ವಾರಂಟಿಗೆ ಧಕ್ಕೆ ಇಲ್ಲ. ಹಾಸನದಲ್ಲಿ ಬಸ್ಸಿನ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಒಳ್ಳೆಯ ಬಡಗಿಗಳಿದ್ದಾರೆ. ವೈರಿಂಗ್ ಚಿತ್ರ ಕೈಯಲ್ಲಿದ್ದರೆ ಅವರು ಮುಕ್ಕಾಲು ಪಾಲು ಕೆಲಸ ಮಾಡಿಕೊಡುತ್ತಾರೆ. ನಮ್ಮದನ್ನು ಈಗ ನೋಡಿಕೊಳ್ಳುತ್ತಿರುವವರು ಅವರೇ.

ರಸ್ತೆ ಮಧ್ಯೆ ಕೆಟ್ಟರೆ ಎಳೆದೊಯ್ಯುವ ಸೇವೆ ಇದೆಯಾ, ಎಷ್ಟು ತೂಕದ ತನಕ, ಎಷ್ಟು ಕಿಲೋಮೀಟರ್ ತನಕ ಅಂತ ಕೇಳಿಟ್ಟುಕೊಳ್ಳಿ. ಬಿಸಿಲೆ ಕಾಡಿನಲ್ಲಿ, ಮೂಡಿಗೆರೆ ಕಡೆಯ ದೇವರಮನೆ ಬೆಟ್ಟದ ದಾರಿಯಲ್ಲಿ ಫೋನಿನ ಸಿಗ್ನಲ್ ಕೈಕೊಡುತ್ತದೆ. ಆ ನಂಬರ್ ಕಾಗದದಲ್ಲೂ ಬರೆದು ಗಾಡಿಯಲ್ಲಿಡಿ.

ಆರ್‌ಟಿಓ ತೊಂದರೆ ಇದೆಯಾ? ಹಳೆಯ ಟೆಂಪೋ ಟ್ರಾವೆಲರ್ ತಂದು ಮಂಚ ಹಾಕಿಸಿದರೆ ಸಾಕಲ್ವಾ?

ಸಾಲದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವೋ, ಆರು ತಿಂಗಳ ತನಕ ಜೈಲೋ ಆಗಬಹುದು. ಕ್ಯಾಂಪರ್ ವ್ಯಾನಿಗೆ ಅಂತಲೇ ಎಐಎಸ್ 124 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಒಪ್ಪಿಗೆ ಪಡೆದ ಗಾಡಿಯನ್ನು ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಅಂತಲೇ ನೋಂದಣಿ ಮಾಡಿಸಬಹುದು. "ನಿಮ್ಮ ಒಪ್ಪಿಗೆ ಪತ್ರ ತೋರಿಸಿ" ಅಂತ ಕನ್ವರ್ಷನ್‌ನವರನ್ನು ಕೇಳಿ. ಹಣ ಕೊಡುವ ಮುಂಚೆ ಹಾಸನದ್ದೋ ಚಿಕ್ಕಮಗಳೂರಿನದ್ದೋ ಆರ್‌ಟಿಓ ಕಚೇರಿಗೆ ಹೋಗಿ, ಆ ಪತ್ರ ತೋರಿಸಿ ವಿಚಾರಿಸಿ. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇದ್ದರೆ ವಾರಂಟಿಯ ಮಾತು ಬಿಡಿ, ಅಪಘಾತವಾದರೆ ಇನ್ಶೂರೆನ್ಸ್ ಕೈ ಎತ್ತುತ್ತದೆ.

ಇಲಿ ವೈರ್ ಕಡಿದರೆ?

ವಾರಂಟಿಯಲ್ಲಿ ಬರುವುದಿಲ್ಲ. ಇನ್ಶೂರೆನ್ಸಿನಲ್ಲಿ ಸಿಗಬಹುದು, ಪಾಲಿಸಿ ನೋಡಬೇಕು. ಒಳಗಿನ ಫ್ರಿಜ್ಜು, ಬ್ಯಾಟರಿ, ಮರದ ಕೆಲಸದ ಬೆಲೆಯನ್ನೂ ಪಾಲಿಸಿಯಲ್ಲಿ ಬರೆಸಿ. ಇಲ್ಲದಿದ್ದರೆ ಖಾಲಿ ವ್ಯಾನಿನ ಬೆಲೆಗೆ ಮಾತ್ರ ವಿಮೆ. ಗಾಡಿಯೊಳಗೆ ಅಕ್ಕಿ, ಕಡ್ಲೆಕಾಯಿ ಬಿಟ್ಟು ತೋಟದಲ್ಲಿ ನಿಲ್ಲಿಸಬೇಡಿ.

ನಮ್ಮದು ಹೋಂಸ್ಟೇ. ಅತಿಥಿಗಳಿಗೆ ಬಾಡಿಗೆಗೆ ಕೊಡಲು ತೆಗೆದುಕೊಂಡರೆ ನಿಯಮ ಬೇರೆಯಾ?

ಬೇರೆ. ಬಾಡಿಗೆಗೆ ಕೊಡುವ ಗಾಡಿ ಸ್ವಂತ ಬಳಕೆಯ ನೋಂದಣಿಯಲ್ಲಿ ಓಡುವಂತಿಲ್ಲ. ವಾಣಿಜ್ಯ ಬಳಕೆಗೆ ವಾರಂಟಿ ಅವಧಿಯನ್ನು ಕೆಲವು ಸಾಮಾನುಗಳಿಗೆ ಕಡಿಮೆ ಇಟ್ಟಿರುತ್ತಾರೆ. ಇನ್ನೂ ದೊಡ್ಡ ವಿಷಯ ಅಂದರೆ, ವ್ಯಾಪಾರಕ್ಕೆ ಕೊಂಡದ್ದಕ್ಕೆ ಗ್ರಾಹಕ ಆಯೋಗದ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಸ್ವಯಂ ಉದ್ಯೋಗ ಮಾಡಿ ಜೀವನ ನಡೆಸಲು ಕೊಂಡವರಿಗೆ ಮಾತ್ರ ವಿನಾಯಿತಿ. ಐದಾರು ರೂಮಿನ ಹೋಂಸ್ಟೇಯನ್ನು ತಾವೇ ನಡೆಸುವವರು ಇದನ್ನು ಒಬ್ಬ ವಕೀಲರ ಹತ್ತಿರ ಕೇಳಿಯೇ ಮುಂದುವರಿಯಿರಿ.

ಅಡ್ವಾನ್ಸ್ ಎಷ್ಟು ಕೊಡಬಹುದು?

ಎಲ್ಲಾ ಹಣ ಮೊದಲೇ ಕೊಡಬೇಡಿ. ಕೆಲಸ ಆದ ಹಾಗೆ ಕಂತು ಕೊಡಿ. ವೈರಿಂಗ್ ಮುಗಿದು ಮರದ ಹಲಗೆ ಮುಚ್ಚುವ ಮುಂಚೆ ಒಮ್ಮೆ ಖುದ್ದಾಗಿ ಹೋಗಿ ಫೋಟೋ ತೆಗೆದುಕೊಳ್ಳಿ. ಆ ಫೋಟೋಗಳು ಮುಂದೆ ಎಷ್ಟು ಉಪಯೋಗಕ್ಕೆ ಬರುತ್ತವೆ ಅಂತ ಹೇಳಲಾಗದು. ಕೊನೆಯ ಹತ್ತು ಪರ್ಸೆಂಟನ್ನು ನೀರಿನ ಪರೀಕ್ಷೆ, ತೂಕ, ಒಂದು ರಾತ್ರಿ ಒಳಗೆ ಮಲಗಿ ನೋಡುವುದು, ಇವೆಲ್ಲ ಆದ ಮೇಲೆ ಕೊಡುತ್ತೇವೆ ಅನ್ನಿ. ಒಳ್ಳೆಯ ಕೆಲಸದವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು. ಮಳೆಗಾಲದಲ್ಲೇ ಹೋಗಿ ನೋಡಿ. ಒಳಗೆ ಸುವಾಸನೆಯ ಸ್ಪ್ರೇ ಜಾಸ್ತಿ ಹೊಡೆದಿದ್ದರೆ ಹಾಸಿಗೆ ಎತ್ತಿ, ಅಡುಗೆ ಕಟ್ಟೆಯ ಕೆಳಗೆ ಕೈ ಹಾಕಿ ತೇವ ನೋಡಿ. ಕನ್ವರ್ಷನ್ ವಾರಂಟಿ ಎರಡನೇ ಮಾಲೀಕರಿಗೆ ಸಾಮಾನ್ಯವಾಗಿ ಬರುವುದಿಲ್ಲ, ಅದಕ್ಕೆ ತಕ್ಕಂತೆ ರೇಟು ಇಳಿಸಿ ಕೇಳಿ.

ಎಷ್ಟು ಸಲ ಕೇಳಿದರೂ ರಿಪೇರಿ ಮಾಡಿಕೊಡುತ್ತಿಲ್ಲ. ಎಲ್ಲಿಗೆ ಹೋಗಬೇಕು?

ಮೊದಲು ಫೋನಿನಲ್ಲಿ ಜಗಳ ಮಾಡುವುದನ್ನು ನಿಲ್ಲಿಸಿ. ಬರವಣಿಗೆಯಲ್ಲಿ ಕೇಳಿ. ಇಮೇಲ್ ಆಗಬಹುದು, ಸ್ಪೀಡ್ ಪೋಸ್ಟ್ ಆಗಬಹುದು. ಗಾಡಿ ಬಿಡುವಾಗಲೆಲ್ಲ ಜಾಬ್ ಕಾರ್ಡ್ (ವರ್ಕ್‌ಶಾಪಿನವರು ಗಾಡಿಯ ದೂರು ಬರೆದುಕೊಳ್ಳುವ ಚೀಟಿ) ಮಾಡಿಸಿ, ನೀವು ಹೇಳಿದ ದೂರನ್ನು ನೀವು ಹೇಳಿದ ಹಾಗೆಯೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದುಕೊಂಡರೆ ನಾಳೆ ಅದು ಸಾಕ್ಷಿಯಾಗುವುದಿಲ್ಲ. ನಮ್ಮ ಎಂಟು ತಿಂಗಳ ಅಲೆದಾಟದಲ್ಲಿ ಮೊದಲ ನಾಲ್ಕು ತಿಂಗಳಿಗೆ ಒಂದು ತುಂಡು ಕಾಗದವೂ ಇರಲಿಲ್ಲ. ಹಣ ಅರ್ಧವಾದರೂ ಬಂದಿದ್ದು ಆಮೇಲಿನ ಕಾಗದಗಳಿಂದ.

ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದರಲ್ಲೇ ಎಷ್ಟೋ ವ್ಯಾಜ್ಯ ಮುಗಿಯುತ್ತದೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ರಕ್ಷಣಾ ಕಾಯ್ದೆಯ ದೊಡ್ಡ ಉಪಕಾರ ಏನೆಂದರೆ, ಗಾಡಿ ಮಾರಿದವರು ಯಾವ ಊರಿನಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 10ರಿಂದ 20 ಲಕ್ಷದ ತನಕ 400 ರೂಪಾಯಿ, 20ರಿಂದ 50 ಲಕ್ಷಕ್ಕೆ 1,000 ರೂಪಾಯಿ. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರಿಲ್ಲದೆ ನೀವೇ ವಾದಿಸಬಹುದು.

ದೂರಿನಲ್ಲಿ ಮೂವರನ್ನೂ ಸೇರಿಸಿ: ಗಾಡಿ ಕಂಪನಿ, ಕನ್ವರ್ಷನ್ ಮಾಡಿದವರು, ಸಾಮಾನು ಮಾರಿದವರು. ಒಬ್ಬರನ್ನು ಬಿಟ್ಟರೆ ಉಳಿದಿಬ್ಬರೂ ಆ ಬಿಟ್ಟವರ ಕಡೆಗೇ ಬೆರಳು ತೋರಿಸುತ್ತಾರೆ.

ಪ್ರತಿ ವರ್ಷ ಮಳೆಗೆ ಮುಂಚೆ ಏನು ನೋಡಬೇಕು?

ನಾವು ಮೇ ಮೊದಲ ವಾರ ಮಾಡುತ್ತೇವೆ. ಏಣಿ ಹಾಕಿ ಟಾಪ್ ಹತ್ತಿ ಸೀಲಂಟಿನ ಅಂಚನ್ನು ಉಗುರಿನಲ್ಲಿ ಕೆದಕಿ ನೋಡುತ್ತೇವೆ. ಏಳುವ ಕಡೆ ಹಳೆಯದನ್ನು ಪೂರ್ತಿ ಕಿತ್ತು, ಒರೆಸಿ, ಹೊಸದು ಹಾಕುತ್ತೇವೆ. ಹಳೆಯದರ ಮೇಲೇ ಹೊಸದು ಬಳಿದರೆ ಹಿಡಿಯುವುದಿಲ್ಲ. ಕಿಟಕಿಯ ಕೆಳಗಿನ ನೀರು ಹೋಗುವ ಸಣ್ಣ ತೂತುಗಳಲ್ಲಿ ಎಲೆ, ಜೇಡನ ಬಲೆ ಕಟ್ಟಿರುತ್ತದೆ, ಕಡ್ಡಿಯಲ್ಲಿ ತೆಗೆಯುತ್ತೇವೆ. ಗಾಡಿಯ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸುತ್ತೇವೆ. ವೈಪರ್ ರಬ್ಬರ್ ಬದಲಾಯಿಸುತ್ತೇವೆ. ಆಮೇಲೆ ಮಗಳು ಒಳಗೆ ಟಾರ್ಚ್ ಹಿಡಿದು ಕೂರುತ್ತಾಳೆ, ನಮ್ಮನೆಯವರು ಹೊರಗಿನಿಂದ ಅರ್ಧ ಗಂಟೆ ನೀರು ಬಿಡುತ್ತಾರೆ. ಹೋದ ವರ್ಷ ಹಿಂದಿನ ಬಾಗಿಲಿನ ಬೀಡಿಂಗ್ ಹತ್ತಿರ ಎರಡು ಹನಿ ಕಂಡಿತು. ಜೂನ್ ಒಂದರೊಳಗೆ ಅದನ್ನು ಸರಿ ಮಾಡಿಸಿದೆವು.